ಅಂಗಳದ ನೆರಳಿಗೆ ತೇಪೆ

ನಮ್ಮ ರಾಯಚೂರಿನ ಬಿಸಿಲನ್ನು ಕೇಳಬೇಕೆ? ದೇವದುರ್ಗವಿರಲಿ, ಮಾನ್ವಿಯಿರಲಿ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ವಾಡಿಕೆ. ಅಂಗಳಕ್ಕೆ ಕಟ್ಟಿದ ಕ್ಯಾನ್ವಾಸ್ ಬಟ್ಟೆಯ ನೆರಳೇ ನಮ್ಮ ಅತ್ತೆಯವರಿಗೆ ಮಧ್ಯಾಹ್ನದ ಆಸರೆ. ಹೋದ ವರ್ಷ ಗಾಳಿಮಳೆಯಲ್ಲಿ ನಡುವೆ ನೀರು ನಿಂತು, ಭಾರಕ್ಕೆ ಅದು ಪರ್ರನೆ ಹರಿಯಿತು. ತಪ್ಪು ನನ್ನದೇ, ಇಳಿಜಾರು ಕೊಡದೆ ಸಮನಾಗಿ ಕಟ್ಟಿದ್ದೆ. ಹೊಸದಕ್ಕೆ ದುಡ್ಡೆಲ್ಲಿ? "ಹರಿದದ್ದು ಹೊಲಿದ್ರ ಆತು, ತಗೊಂಡ್ ಬಾ ಇಲ್ಲಿ" ಅಂದರು ಅತ್ತೆ. ಇಬ್ಬರೂ ದಬ್ಬಣ ಹಿಡಿದು ಕೂತೆವು.

ಮೊದಲು ಧೂಳು ಜಾಡಿಸಿ, ತಣ್ಣೀರು ಮತ್ತು ಸಾದಾ ಸಾಬೂನಿನಿಂದ ಮೆತ್ತಗೆ ತೊಳೆದು ಪೂರಾ ಒಣಗಿಸಿ. ಬ್ಲೀಚಿಂಗ್ ಪುಡಿ ಬೇಡವೇ ಬೇಡ, ಬಟ್ಟೆಯ ಬಲ ಹೋಗುತ್ತದೆ. ಹರಕಿಗಿಂತ ಸುತ್ತಲೂ 2 ಅಂಗುಲ ದೊಡ್ಡದಾದ ತೇಪೆ ಕತ್ತರಿಸಿ. ಮೂಲೆ ದುಂಡಗಿರಲಿ, ಚೂಪು ಮೂಲೆ ಬೇಗ ಏಳುತ್ತದೆ. ಅಂಚು ಒಳಮಡಚಿ, ಪಾಲಿಯೆಸ್ಟರ್ ದಾರಕ್ಕೆ ಮೇಣ ಸವರಿ ಎರಡು ಸಾಲು ಹೊಲಿಯಿರಿ. ಹತ್ತಿಯ ದಾರ ಮಳೆಗೆ ಬೇಗ ಕೊಳೆಯುತ್ತದೆ. ಹೊಲಿಗೆಯ ತೂತುಗಳ ಮೇಲೂ ಮೇಣ ಉಜ್ಜಿದರೆ ಸೋರುವುದು ಕಡಿಮೆ.

ಕಟ್ಟುವಾಗ ಒಂದು ಬದಿ ತಗ್ಗಿರಲಿ. ಗಾಳಿ ಎದ್ದರೆ ಬಿಚ್ಚಿಡಿ. ಹಸಿಯಿದ್ದಾಗ ಮಡಚಿಟ್ಟರೆ ಬೂಸು ಹಿಡಿಯುತ್ತದೆ, ನೆನಪಿರಲಿ.

ಈ ಬೇಸಿಗೆಯಲ್ಲಿ ಅತ್ತೆಯವರು ಅದೇ ತೇಪೆಯ ಕೆಳಗೆ ಕೂತು ಹುಣಸೆಹಣ್ಣು ಬಿಡಿಸಿದರು. ನೀವೂ ಮಾಡಿ ನೋಡಿ, ಸೋದರಿಯರೇ.