ಮುನ್ಷಿಯ ಮುಂದೆ ಕುಳಿತವರು

ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ತೀರಿಕೊಂಡರು. ಪುಣೆಗೆ ಬಂದು ಹನ್ನೊಂದು ವರ್ಷಗಳಾಗಿದ್ದರೂ ಅವರ ಮನೆಯವರಿಗೆ ಸಮಾಧಾನ ಹೇಳಲು ನಮ್ಮ ಬಾಯಿಂದ ಮರಾಠಿಯ ಒಂದು ವಾಕ್ಯವೂ ಹೊರಡಲಿಲ್ಲ. ಕಚೇರಿಯಲ್ಲಿ ಇಂಗ್ಲಿಷು, ಹಿಂದಿ. ತರಕಾರಿಯವನ ಹತ್ತಿರ 'ಕಿತಿ?' ಎಂಬ ಒಂದೇ ಪ್ರಶ್ನೆ. ಇಷ್ಟರಲ್ಲಿಯೇ ಕಾಲ ನೂಕಿದ್ದೆವು. ಕೈಮುಗಿದು ಮೂಲೆಯಲ್ಲಿ ನಿಂತು ಮರಳಿ ಬಂದೆವು. ಅಂದಿನ ನಾಚಿಕೆಯಲ್ಲಿ ನಮಗೆ ನೆನಪಾದವರು ಕಿಟ್ಟೆಲ್ ಸಾಹೇಬರು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಒಂದು ಮಿಷನ್ ಸಂಸ್ಥೆ ಹುಟ್ಟಿತು. ಮರುವರ್ಷವೇ ಪಾದ್ರಿಗಳನ್ನು ತಯಾರು ಮಾಡುವ ಶಾಲೆ ತೆರೆಯಿತು. ಅಲ್ಲಿ ಸೇರಿದವರಲ್ಲಿ ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮನೆಯ ಹುಡುಗರು ಬಹಳ. ವರ್ಷಗಟ್ಟಲೆ ಓದು, ಕಟ್ಟುನಿಟ್ಟಾದ ದಿನಚರಿ. ಬೈಬಲ್ಲಿನೊಂದಿಗೆ ಗ್ರೀಕ್, ಹೀಬ್ರೂ, ಇಂಗ್ಲಿಷ್ ಭಾಷೆಗಳ ಅಭ್ಯಾಸ. ಆದರೆ ನಿಜವಾದ ಪಾಠ ಮೊದಲಾಗುತ್ತಿದ್ದುದು ಹಡಗಿನಿಂದ ಇಳಿದ ಮೇಲೆಯೇ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಇವರೂ ಇವರ ಹಿಂದೆ ಬಂದವರೂ ಊರಿನ ಮುನ್ಷಿಗಳ ಮುಂದೆ ಮಕ್ಕಳಂತೆ ಕುಳಿತು ಅಕ್ಷರ ತಿದ್ದಬೇಕಾಯಿತು.

1836ರಲ್ಲಿ ಬಂದ ಮೋಗ್ಲಿಂಗರು ಏಳು ವರ್ಷಗಳೊಳಗೆ, 1843ರ ಜುಲೈಯಲ್ಲಿ, ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕಿಟ್ಟೆಲರು ಬಂದದ್ದು 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿದ್ದು ಜನರ ಮಾತನ್ನೂ ಗಾದೆಗಳನ್ನೂ ಹಳೆಯ ಕಾವ್ಯಗಳನ್ನೂ ಒಟ್ಟಿಗೆ ಕಲಿತರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದರು. ಸುಮಾರು 70,000 ಶಬ್ದಗಳ ಅವರ ಕನ್ನಡ-ಇಂಗ್ಲಿಷ್ ಕೋಶ ಅಚ್ಚಾದದ್ದು 1894ರಲ್ಲಿ. ಅಂದರೆ ಈ ನೆಲಕ್ಕೆ ಕಾಲಿಟ್ಟ ನಾಲ್ವತ್ತೊಂದು ವರ್ಷಗಳ ಮೇಲೆ.

ಅವರ ಗುರಿ ಮತಪ್ರಚಾರ. ಅದನ್ನು ಮೆಚ್ಚುವವರೂ ಉಂಟು, ಒಪ್ಪದವರೂ ಉಂಟು. ಆದರೆ ಪರರ ಅಂಗಳಕ್ಕೆ ಹೋಗುವವನು ಅವರ ಮಾತನ್ನು ಕಲಿಯಬೇಕೆಂಬ ಅವರ ಶ್ರದ್ಧೆಯನ್ನು ಯಾರು ತಾನೆ ಅಲ್ಲಗಳೆದಾರು? ನಾವೂ ಹೊಟ್ಟೆಪಾಡಿಗಾಗಿ ಪರಊರಿಗೆ ಬಂದವರೇ. ನಮಗೆ ಯಾರೂ ತರಬೇತಿ ಕೊಡಲಿಲ್ಲ. ವರ್ಗದ ಹುಕುಮು ಬಂತು, ಗಂಟುಮೂಟೆ ಕಟ್ಟಿದೆವು. ಆದರೆ ಹನ್ನೊಂದು ವರ್ಷಗಳ ಸೋಮಾರಿತನಕ್ಕೆ ಹುಕುಮಿನ ನೆಪ ಸಲ್ಲದು.

ಈಗ ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಮಗಳೇ ಮುನ್ಷಿ. ಅವಳಿಗೆ ಮರಾಠಿ ನೀರು ಕುಡಿದಷ್ಟು ಸುಲಭ. ಕನ್ನಡ ಆಡುತ್ತಾಳೆ, ಅಕ್ಷರ ಬಾರದು. ಆದ್ದರಿಂದ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಅವಳು ಗುರು, ಅರ್ಧ ಗಂಟೆ ನಾವು. "ಅಪ್ಪಾ, ಹಾಗಲ್ಲ, ಇನ್ನೊಂದು ಸಲ ಹೇಳಿ" ಎಂದು ತಿದ್ದುವಾಗ ಅವಳ ಗಾಂಭೀರ್ಯವನ್ನು ನೋಡಬೇಕು! ನಮ್ಮ 'ಳ'ಕಾರ ಮರಾಠಿಯಲ್ಲಿಯೂ ಇದೆಯೆಂದು ತಿಳಿದ ದಿನ ಇಬ್ಬರಿಗೂ ನೆಂಟರು ಸಿಕ್ಕಿದಷ್ಟು ಸಂತೋಷವಾಯಿತು. ಸಂಘದ ಬಂಧುಗಳು ತಮ್ಮ ಮನೆಗಳಲ್ಲಿಯೂ ಈ ಎರಡು ಪಾಠಗಳನ್ನು ನಡೆಸಿ ನೋಡಬಾರದೇಕೆ?

ಮೊನ್ನೆ ಪಕ್ಕದ ಮನೆಯ ಅಜ್ಜಿಯ ಆರೋಗ್ಯವನ್ನು ವಿಚಾರಿಸಿದೆವು, ತಪ್ಪು ಮರಾಠಿಯಲ್ಲಿಯೇ. ಅವರು ನಕ್ಕು, ಬಾಗಿಲನ್ನು ಪೂರ್ತಿ ತೆರೆದು ಒಳಗೆ ಕರೆದರು.