ಸಾಕ್ಷಿಯನ್ನೇ ನುಂಗುವ ನಕಲಿ

ಮಿರಗದ ಮಳೆ ಬಿದ್ದ ವಾರ ಹಾವೇರಿ, ರಾಣೆಬೆನ್ನೂರು, ರಾಯಚೂರಿನ ಬೀಜದ ಅಂಗಡಿಗಳ ಮುಂದೆ ನಿಲ್ಲಲು ಜಾಗ ಇರುವುದಿಲ್ಲ. ನೆಲದ ಹಸಿ ಆರುವಷ್ಟರಲ್ಲಿ ಬಿತ್ತಬೇಕು, ನಾಲ್ಕು ದಿನ ತಡವಾದರೆ ಹದ ತಪ್ಪುತ್ತದೆ. ಬೇಕಾದ ತಳಿ ಮುಗಿದಿದೆ ಎಂದು ಅಂಗಡಿಯವರು ಹೇಳಿದಾಗ ಇನ್ಯಾರೋ ಬಂದು ಪಿಸುಗುಡುತ್ತಾರೆ. ಅದೇ ಕಂಪನಿಯ ಹೆಸರು, ಅದೇ ಚಿತ್ರ, ಅದೇ ಬಣ್ಣದ ಪಾಕೀಟು. ದರ ಸ್ವಲ್ಪ ಕಡಿಮೆ, ಬೇಕಾದರೆ ಉದ್ರಿಯೂ ಸಿಗುತ್ತದೆ. ಬಿಲ್ಲು ಮಾತ್ರ ಇಲ್ಲ. ನಕಲಿ ಬೀಜ ಬಿಕರಿಯಾಗುವುದು ರೈತನ ಈ ಅವಸರದಲ್ಲೇ.

ಆ ಪಾಕೀಟಿನೊಳಗೆ ಇರುವುದೇನು? ಹತ್ತಿಯಾದರೆ ಹಲವು ಸಲ ಜಿನ್ನಿಂಗ್ ಮಿಲ್ಲಿನಿಂದ ಎಣ್ಣೆಗೆ ಹೋಗಬೇಕಾಗಿದ್ದ ಹತ್ತಿಕಾಳು. ಮೆಕ್ಕೆಜೋಳವಾದರೆ ಮಂಡಿಯಲ್ಲಿ ಕೊಂಡ ಕಾಳು. ಔಷಧೋಪಚಾರ ಮಾಡಿದ ಅಸಲಿ ಬೀಜದಂತೆ ಕಾಣಲೆಂದು ಅದಕ್ಕೆ ಗುಲಾಬಿಯನ್ನೋ ಹಸಿರನ್ನೋ ಬಳಿದಿರುತ್ತಾರೆ. ಇಂಥ ಕಾಳು ಮೊಳೆಯುವುದೇ ಇಲ್ಲ ಎಂದುಕೊಳ್ಳಬೇಡಿ. ಮೊಳೆಯದೇ ಹೋದರೆ ವಾರದೊಳಗೆ ಗುಟ್ಟು ರಟ್ಟಾಗುತ್ತದೆ, ರೈತ ಮರುಬಿತ್ತನೆಗಾದರೂ ಓಡಬಹುದು. ಹೆಚ್ಚು ಅಪಾಯ ಇರುವುದು ಚೆನ್ನಾಗಿ ಮೊಳೆಯುವ ನಕಲಿಯಲ್ಲಿ.

ಹೈಬ್ರಿಡ್ ಹತ್ತಿಯ ಕಥೆ ನಮ್ಮ ರಾಜ್ಯಕ್ಕೆ ಹತ್ತಿರದ್ದು. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ ಹೊರತಂದ ‘ವರಲಕ್ಷ್ಮಿ’ ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಪಡೆದ ತಳಿ. ಇಂಥ ಬೀಜ ತಯಾರಾಗಬೇಕಾದರೆ ಹೆಣ್ಣುಮಕ್ಕಳು ಸಂಜೆ ಹೊತ್ತು ಹೊಲದಲ್ಲಿ ಬಗ್ಗಿ, ಮರುದಿನ ಅರಳಲಿರುವ ಒಂದೊಂದೇ ಮೊಗ್ಗಿನ ಕೇಸರಗಳನ್ನು ಉಗುರಿನಿಂದ ಬಿಡಿಸಿ ತೆಗೆಯುತ್ತಾರೆ; ಬೆಳಗ್ಗೆ ಬಂದು ಗಂಡು ಸಾಲಿನ ಹೂವನ್ನು ತಂದು ಅದಕ್ಕೆ ಸವರುತ್ತಾರೆ. ಹೀಗೆ ಹುಟ್ಟಿದ ಬೀಜದ ಬಲ ಒಂದೇ ತಲೆಮಾರಿನದು. ಅದರ ಬೆಳೆಯಿಂದ ಬಂದ ಕಾಳನ್ನು ಮತ್ತೆ ಬಿತ್ತಿದರೆ ಗುಣಗಳೆಲ್ಲ ಹಂಚಿಹೋಗಿ, ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದು ಬೇಗ ಕಾಯಿ ಕಟ್ಟಿದರೆ ಇನ್ನೊಂದು ಕಟ್ಟುವುದೇ ಇಲ್ಲ. ಹೊಲ ಹಸಿರಾಗಿಯೇ ಇರುತ್ತದೆ. ಮೋಸ ಹೋಗಿದ್ದೇನೆಂದು ರೈತನಿಗೆ ಗೊತ್ತಾಗುವ ಹೊತ್ತಿಗೆ ಗೊಬ್ಬರ, ಕೂಲಿ, ಔಷಧ ಸಿಂಪಡಣೆಯ ಖರ್ಚೆಲ್ಲ ಮುಗಿದಿದೆ, ಹಂಗಾಮು ದಾಟಿದೆ, ಸಾಲ ಮಾತ್ರ ನಿಂತಿದೆ.

ಇನ್ನು ಅವನ ಕೈಯಲ್ಲಿ ಸಾಕ್ಷಿ ಏನು ಉಳಿಯಿತು? ಬೀಜ ಮಣ್ಣಿಗೆ ಹೋಯಿತು, ಪಾಕೀಟು ಗಾಳಿಗೆ ಹೋಯಿತು. ನಕಲಿ ಮಾಲಿನ ವಿಷಯದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಅತಿ ಹೆಚ್ಚು ಹಾನಿ ಮಾಡುವ ನಕಲಿ ವಸ್ತು ಬಳಕೆಯಲ್ಲೇ ತನ್ನ ಸಾಕ್ಷಿಯನ್ನು ಅಳಿಸಿಕೊಳ್ಳುತ್ತದೆ. ಬಿತ್ತಿದ ಬೀಜವನ್ನು, ನುಂಗಿದ ಗುಳಿಗೆಯನ್ನು ನ್ಯಾಯಾಲಯದ ಮೇಜಿನ ಮೇಲೆ ಇಡಲಾಗದು. ಆದ್ದರಿಂದ ‘ಕೊಳ್ಳುವವರು ಹುಷಾರಾಗಿರಬೇಕು’ ಎಂಬ ಬುದ್ಧಿಮಾತು ಇಲ್ಲಿ ಸಾಲದು. ಮಾಲು ಜನರ ಕೈಸೇರುವ ಮುನ್ನವೇ ಸಮಾಜ ಅದನ್ನು ತಡೆಯಬೇಕು.

ನಮ್ಮ ಸುಪ್ರೀಂ ಕೋರ್ಟು ಇದರ ಒಂದು ಮುಖವನ್ನು ಗುರುತಿಸಿದೆ. ಕಳಪೆ ಬೀಜದಿಂದ ನಷ್ಟ ಅನುಭವಿಸಿದ ಆಂಧ್ರದ ರೈತರು ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಗ್ರಾಹಕ ವೇದಿಕೆಗೆ ಹೋದಾಗ, ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿಲ್ಲ, ಹಾಗಾಗಿ ದೂರು ನಿಲ್ಲದು ಎಂಬ ವಾದ ಎದ್ದಿತ್ತು. 2012ರ ತೀರ್ಪಿನಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ರೈತ ಕೊಂಡ ಬೀಜವನ್ನೆಲ್ಲ ಬಿತ್ತುತ್ತಾನೆ, ಮುಂದೊಂದು ದಿನ ಪರೀಕ್ಷೆಗೆ ಬೇಕಾದೀತೆಂದು ತೆಗೆದಿಡಲಿ ಎಂದು ನಿರೀಕ್ಷಿಸುವುದು ಸರಿಯಲ್ಲ, ಬೀಜ ಕೊಂಡ ರೈತನೂ ಗ್ರಾಹಕನೇ ಎಂಬುದು ಅದರ ಸಾರ. ದೊಡ್ಡ ತೀರ್ಪು ಅದು. ಆದರೆ ಕಾಯ್ದೆ? 1966ರ ಬೀಜ ಕಾಯ್ದೆಯ ಪ್ರಕಾರ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ಅಗತ್ಯ ವಸ್ತುಗಳ ಕಾಯ್ದೆಯಡಿ ಕ್ರಮ ಕೈಗೊಳ್ಳಬಹುದು, ವಂಚನೆಯ ಪ್ರಕರಣ ಹೂಡಬಹುದು, ನಿಜ. ಆದರೂ ಬೀಜಕ್ಕೆಂದೇ ಇರುವ ಕಾಯ್ದೆಯ ಹಲ್ಲು ಇಷ್ಟೇ. 2004ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಹೊಸ ಮಸೂದೆ ಕಾಯ್ದೆಯಾಗಲೇ ಇಲ್ಲ. 2025ರಲ್ಲಿ ಕೇಂದ್ರ ಮತ್ತೊಂದು ಕರಡು ಹೊರಡಿಸಿತು. ಈ ನಡುವೆ ಎಷ್ಟು ಮುಂಗಾರುಗಳು ಬಂದುಹೋದವು!

ಬೀಜದಲ್ಲಿ ಒಂದು ಹಂಗಾಮು ಹೋಗುತ್ತದೆ. ಔಷಧದಲ್ಲಿ ಹೋಗುವುದು ಜೀವ, ಮತ್ತು ಬಹಳ ಸಲ ಹೋದದ್ದು ನಕಲಿಯಿಂದ ಎಂದು ಯಾರಿಗೂ ತಿಳಿಯುವುದೂ ಇಲ್ಲ. ರೋಗ ಬಲವಾಗಿತ್ತು, ಆಸ್ಪತ್ರೆಗೆ ತರುವುದು ತಡವಾಯಿತು ಎಂದು ಮನೆಯವರೇ ಸಮಾಧಾನ ಹೇಳಿಕೊಳ್ಳುತ್ತಾರೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು.

ನಕಲಿ ಔಷಧದ ವಿರುದ್ಧದ ಹೋರಾಟದಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವ ಹೆಸರು ನೈಜೀರಿಯಾದ ಡೋರಾ ಅಕುನ್ಯಿಲಿ. ಔಷಧ ವಿಜ್ಞಾನದ ಪ್ರಾಧ್ಯಾಪಕಿ. ಮಧುಮೇಹ ಇದ್ದ ಅವರ ತಂಗಿ ವಿವಿಯನ್ 1988ರಲ್ಲಿ ತೀರಿಕೊಂಡರು. ಅವರಿಗೆ ಕೊಟ್ಟ ಇನ್ಸುಲಿನ್ ನಕಲಿಯಾಗಿತ್ತು. 2001ರಲ್ಲಿ ಅಧ್ಯಕ್ಷ ಒಬಸಾಂಜೊ ಆ ದೇಶದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯ ಹೊಣೆಯನ್ನು ಡೋರಾ ಅವರಿಗೆ ಒಪ್ಪಿಸಿದರು. ಆಗ ನೈಜೀರಿಯಾದಲ್ಲಿ ಔಷಧಗಳು ಬಯಲು ಸಂತೆಯಲ್ಲಿ, ಬಿಸಿಲಲ್ಲಿ, ರಾಶಿರಾಶಿಯಾಗಿ ಬಿಕರಿಯಾಗುತ್ತಿದ್ದವು. ಅಸಲಿ ಯಾವುದು, ಸೀಮೆಸುಣ್ಣದ ಪುಡಿ ಯಾವುದು ಎಂದು ಹೇಳುವವರಿರಲಿಲ್ಲ.

ಅವರು ಮಾಡಿದ ಕೆಲಸಗಳಲ್ಲಿ ನನ್ನ ಮೆಚ್ಚುಗೆ ಮುಖ್ಯವಾಗಿ ಒಂದಕ್ಕೆ. ಬಂದರಿನಲ್ಲಿ ಮಾಲು ಹಿಡಿಯುವುದಕ್ಕಿಂತ ಮಾಲು ಹೊರಡುವ ಊರಿನಲ್ಲೇ ಪರೀಕ್ಷೆ ಆಗಬೇಕೆಂದು ಹಟ ಹಿಡಿದರು. ಹೊರದೇಶದ ಕಾರ್ಖಾನೆಗೆ ಹೋಗಿ ನೋಡದೆ ಅದರ ಔಷಧಕ್ಕೆ ನೋಂದಣಿ ಇಲ್ಲ ಎಂದರು. ಭಾರತ, ಚೀನಾ ಮುಂತಾದೆಡೆ ತಮ್ಮ ಪರೀಕ್ಷಕರನ್ನು ನೇಮಿಸಿ, ಅವರ ಪ್ರಮಾಣಪತ್ರ ಇಲ್ಲದ ಸರಕನ್ನು ನಿರಾಕರಿಸಿದರು. ಭಾರತದ ಹಲವು ಕಂಪನಿಗಳನ್ನೂ ಅವರು ನಿಷೇಧಿಸಿದರೆಂಬುದನ್ನು ನಾವು ಮರೆಯುವಂತಿಲ್ಲ. ಇದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. 2003ರ ಡಿಸೆಂಬರ್ 26ರಂದು ಅವರ ಕಾರಿನ ಮೇಲೆ ಗುಂಡಿನ ದಾಳಿ ನಡೆಯಿತು. ಒಂದು ಗುಂಡು ತಲೆಗೆ ಸುತ್ತಿದ್ದ ವಸ್ತ್ರವನ್ನು ತೂರಿಕೊಂಡು ಹೋಯಿತು. ಅವರು ಬದುಕಿದರು, ಅಲ್ಲಿದ್ದ ಬಸ್ಸೊಂದರ ಚಾಲಕ ಸತ್ತ. ಮುಂದಿನ ವರ್ಷ ಸಂಸ್ಥೆಯ ಕಚೇರಿ, ಪ್ರಯೋಗಾಲಯಗಳಿಗೆ ಬೆಂಕಿ ಬಿತ್ತು. ಡೋರಾ ಹಿಂದೆ ಸರಿಯಲಿಲ್ಲ. 2007ರಲ್ಲಿ ಒನಿಟ್ಶಾದ ಕುಖ್ಯಾತ ಔಷಧ ಮಾರುಕಟ್ಟೆಗೇ ಬೀಗ ಹಾಕಿಸಿದರು. ಕ್ಯಾನ್ಸರ್ ಚಿಕಿತ್ಸೆಗೆಂದು ಬಂದು, 2014ರಲ್ಲಿ ಅವರು ಕೊನೆಯುಸಿರೆಳೆದದ್ದು ಭಾರತದಲ್ಲೇ.

2009ರಲ್ಲಿ ಅದೇ ನೈಜೀರಿಯಾದಲ್ಲಿ ‘ಭಾರತದಲ್ಲಿ ತಯಾರಾದದ್ದು’ ಎಂದು ಅಚ್ಚಾಗಿದ್ದ ನಕಲಿ ಮಲೇರಿಯಾ ಗುಳಿಗೆಗಳು ಸಿಕ್ಕಿಬಿದ್ದವು. ಅವು ತಯಾರಾದದ್ದು ಚೀನಾದಲ್ಲಿ. ಕಳ್ಳ ತಯಾರಕರು ಕದ್ದದ್ದು ಒಂದಿಡೀ ದೇಶದ ಹೆಸರನ್ನು. ಪ್ರಾಮಾಣಿಕವಾಗಿ ಔಷಧ ತಯಾರಿಸುವ ನಮ್ಮ ಕಾರ್ಖಾನೆಗಳ, ಅಲ್ಲಿ ದುಡಿಯುವವರ ಅನ್ನಕ್ಕೇ ಅದರಿಂದ ಕುತ್ತು.

ಆಗ್ನೇಯ ಏಷ್ಯಾದ ಇನ್ನೊಂದು ಪ್ರಕರಣ ನಕಲಿಯ ಕೈ ಎಷ್ಟು ಉದ್ದ ಎಂಬುದನ್ನು ತೋರಿಸುತ್ತದೆ. ಮಲೇರಿಯಾಕ್ಕೆ ಕೊಡುವ ಆರ್ಟಿಸುನೇಟ್ ಗುಳಿಗೆಯ 391 ಮಾದರಿಗಳನ್ನು ವಿಜ್ಞಾನಿಗಳು, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇಂಟರ್‌ಪೋಲ್ ಜೊತೆಗೂಡಿ ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ನಕಲಿಯಾಗಿದ್ದವು. ಪೊಟ್ಟಣದ ಮೇಲಿನ ಹೊಳೆಯುವ ಹಾಲೊಗ್ರಾಂ ಕೂಡ ನಕಲು. ಗುಳಿಗೆಗಳಲ್ಲಿ ಅಂಟಿಕೊಂಡಿದ್ದ ಪರಾಗದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಂಥ ಗಿಡಗಳು ಬೆಳೆಯುವ ಸೀಮೆ ಯಾವುದೆಂದು ಅಳೆದು, ಖನಿಜಗಳನ್ನೂ ಪರಿಶೀಲಿಸಿ, ಮೂಲ ದಕ್ಷಿಣ ಚೀನಾ ಎಂದು ಕಂಡುಹಿಡಿದರು. ಅಲ್ಲಿನ ಪೊಲೀಸರು ಬಂಧನಗಳನ್ನೂ ಮಾಡಿದರು. ಆ ಗುಳಿಗೆಗಳಲ್ಲಿ ಕೆಲವಕ್ಕೆ ಒಂಚೂರು ಅಸಲಿ ಮದ್ದು ಬೆರೆಸಲಾಗಿತ್ತು. ರೋಗಾಣುವನ್ನು ಕೊಲ್ಲಲು ಸಾಲದ, ಆದರೆ ಮದ್ದನ್ನು ತಾಳಿಕೊಳ್ಳುವುದನ್ನು ಅದಕ್ಕೆ ಕಲಿಸಲು ಸಾಲುವಷ್ಟು. ಹಾಗೆ ಕಲಿತ ರೋಗಾಣು ಮುಂದೆ ಅಸಲಿ ಔಷಧ ನುಂಗಿದವನನ್ನೂ ಬಿಡುವುದಿಲ್ಲ. ನಕಲಿಯನ್ನು ಎಂದೂ ಕೊಳ್ಳದ ಮನೆಯೂ ಅದರ ಸಾಲ ತೀರಿಸಬೇಕಾಗುತ್ತದೆ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಅಗ್ಗದ ಔಷಧವೆಲ್ಲ ನಕಲಿಯಲ್ಲ. ಜನೌಷಧಿ ಕೇಂದ್ರದಲ್ಲಿ ಸಿಗುವ ಜೆನೆರಿಕ್ ಗುಳಿಗೆ ಕಾನೂನುಬದ್ಧ ಔಷಧ. ಅದರ ಮೇಲೆ ಬ್ರಾಂಡಿನ ಹೆಸರಿಲ್ಲ, ಅಷ್ಟೆ. 2008ರ ಕೊನೆಯಲ್ಲಿ ಬ್ರೆಜಿಲ್‌ಗೆ ಹೊರಟಿದ್ದ ಭಾರತದ ರಕ್ತದೊತ್ತಡದ ಔಷಧವನ್ನು ಪೇಟೆಂಟ್ ನೆಪದಲ್ಲಿ ನೆದರ್‌ಲೆಂಡ್ಸ್‌ನಲ್ಲಿ ತಡೆಹಿಡಿಯಲಾಯಿತು. ಇಂಥ ಪ್ರಕರಣಗಳಿಗಾಗಿ ಭಾರತ 2010ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಬೇಕಾಯಿತು. ನಕಲಿಯ ವಿರುದ್ಧದ ಹೋರಾಟ ದೊಡ್ಡ ಕಂಪನಿಗಳ ಕೈಯಲ್ಲಿ ಬಡವರ ಔಷಧಕ್ಕೆ ಹೊಡೆಯುವ ಕೋಲಾಗಬಾರದು. ದುಬಾರಿ ಬ್ರಾಂಡಿನ ಕೈಚೀಲದ ನಕಲನ್ನು ಗೊತ್ತಿದ್ದೇ ಕೊಳ್ಳುವವರ ಬೆನ್ನು ಹತ್ತುವುದಕ್ಕಿಂತ ಬೀಜ, ಔಷಧ, ವಾಹನದ ಬ್ರೇಕು, ಕರೆಂಟಿನ ವೈರು ಇವುಗಳತ್ತ ಸರ್ಕಾರದ ಕಣ್ಣು ಮೊದಲು ಹೋಗಲಿ.

ನಕಲಿ ಔಷಧಕ್ಕೆ ನಮ್ಮಲ್ಲಿ ಶಿಕ್ಷೆ ಕಡಿಮೆಯೇನಿಲ್ಲ. 2003ರಲ್ಲಿ, ಕೇಂದ್ರ ಸರ್ಕಾರ ನೇಮಿಸಿದ್ದ ಮಾಶೆಲ್ಕರ್ ಸಮಿತಿ ಮರಣದಂಡನೆಯನ್ನೇ ಶಿಫಾರಸು ಮಾಡಿತ್ತು. ಔಷಧ ಕಾಯ್ದೆಯ 2008ರ ತಿದ್ದುಪಡಿಯಂತೆ, ಜೀವಕ್ಕೆ ಎರವಾಗುವ ನಕಲಿ ಔಷಧಕ್ಕೆ ಕನಿಷ್ಠ 10 ವರ್ಷದಿಂದ ಜೀವಾವಧಿವರೆಗೆ ಸೆರೆವಾಸ, 10 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಆದರೆ ಅದೇ ಮಾಶೆಲ್ಕರ್ ಸಮಿತಿ ಇನ್ನೊಂದು ಮಾತನ್ನೂ ಹೇಳಿತ್ತು: 50 ತಯಾರಿಕಾ ಘಟಕಗಳಿಗೆ ಒಬ್ಬರು, 200 ಮಾರಾಟ ಮಳಿಗೆಗಳಿಗೆ ಒಬ್ಬರು ನಿರೀಕ್ಷಕರಿರಬೇಕು. ನನ್ನ ಮಟ್ಟಿಗೆ ಮುಖ್ಯವಾದದ್ದು ಈ ಎರಡನೆಯ ಮಾತು. ಹಿಡಿಯುವವರೇ ಇಲ್ಲದ ಕಡೆ ಜೀವಾವಧಿ ಶಿಕ್ಷೆಗೂ ಯಾರೂ ಅಂಜುವುದಿಲ್ಲ. 2023ರ ಆಗಸ್ಟ್‌ನಿಂದ 300 ಪ್ರಮುಖ ಬ್ರಾಂಡುಗಳ ಔಷಧದ ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಒಳ್ಳೆಯ ಹೆಜ್ಜೆ. ಉಳಿದ ಸಾವಿರಾರು ಬ್ರಾಂಡುಗಳಿಗೂ ಅದು ಬರಬೇಕು.

ಹೆಲ್ಮೆಟ್‌ನದೂ ಇದೇ ಜಾತಿಯ ಮೋಸ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಆದರೆ ರಸ್ತೆಬದಿಯಲ್ಲಿ ತೂಗುಹಾಕಿದ ತೆಳು ಪ್ಲಾಸ್ಟಿಕ್ ಟೋಪಿಗಳ ಮೇಲೂ ಐಎಸ್‌ಐ ಸ್ಟಿಕ್ಕರ್ ಇರುತ್ತದೆ. ಪೊಲೀಸರ ದಂಡ ತಪ್ಪಿಸಿಕೊಳ್ಳಲು ಅದು ಸಾಕು. ಟೋಪಿಯ ಅಸಲಿ ಪರೀಕ್ಷೆ ನಡೆಯುವುದು ಒಂದೇ ಸಲ, ತಲೆ ಡಾಂಬರಿಗೆ ಬಡಿದಾಗ.

ಕೊಂಡವರಿಗೆ ಏಟು ಬೀಳದ ನಕಲಿಯೂ ಇದೆ, ಅಲ್ಲಿ ಪೆಟ್ಟು ತಿನ್ನುವವರು ಮಾಡಿದವರು. ಇಳಕಲ್ ಸೀರೆಯ ಮೈಗೊಂದು ಹಾಸು, ಸೆರಗಿಗೊಂದು ಹಾಸು. ನೇಕಾರರ ಮನೆಯವರು ಎರಡರ ಎಳೆಗಳನ್ನೂ ಕೊಂಡಿಗೆ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ಮಗ್ಗದ ಮೇಲೆ ಆ ಕೆಂಪು ರೇಷ್ಮೆಯ ಸೆರಗು ಮೂಡುವುದು. ಈ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕೈಮಗ್ಗಕ್ಕೆಂದು 11 ಬಗೆಯ ಬಟ್ಟೆಗಳನ್ನು ಕಾಯ್ದಿರಿಸುವ 1985ರ ಕಾಯ್ದೆಯೂ ಇದೆ. ಆದರೂ ವಿದ್ಯುತ್ ಮಗ್ಗದಲ್ಲಿ ಕೃತಕ ನೂಲಿನಿಂದ ನೇಯ್ದ ಸೀರೆ ‘ಇಳಕಲ್ ಕೈಮಗ್ಗ’ ಎಂಬ ಹೆಸರಲ್ಲಿ ಅಂಗಡಿಗೂ ಆನ್‌ಲೈನಿಗೂ ಬರುತ್ತದೆ. ವಿದ್ಯುತ್ ಮಗ್ಗದ ಸೀರೆಯನ್ನು ವಿದ್ಯುತ್ ಮಗ್ಗದ್ದೆಂದೇ ಮಾರಲಿ, ಅದಕ್ಕೂ ಕೊಳ್ಳುವವರಿದ್ದಾರೆ, ತಪ್ಪೇನಿಲ್ಲ. ತಪ್ಪು ಇರುವುದು ಹೆಸರು ಕದಿಯುವುದರಲ್ಲಿ. ಕೈಮಗ್ಗದ ಸೀರೆಗೆ ಇಷ್ಟೇಕೆ ಬೆಲೆ ಎಂದು ಗಿರಾಕಿ ನೇಕಾರನನ್ನೇ ಅನುಮಾನಿಸುವ ಸ್ಥಿತಿ ಬರುತ್ತದೆ. ಮಗ ಮಗ್ಗ ಬಿಟ್ಟು ಊರು ಬಿಡುತ್ತಾನೆ. ಕೊಂಡಿ ಹಾಕುವ ಕೈಗಳು ಒಂದು ತಲೆಮಾರಿನಲ್ಲಿ ಮರೆತದ್ದನ್ನು ಯಾವ ಕಾಯ್ದೆಯೂ ಮರಳಿ ಕಲಿಸಲಾರದು.

ಓದುಗರು ಮಾಡಬಹುದಾದ ಕೆಲಸ ಇಷ್ಟಿದೆ. ಬೀಜ, ಔಷಧ ಯಾವುದನ್ನೂ ಬಿಲ್ಲಿಲ್ಲದೆ ಕೊಳ್ಳಬೇಡಿ. ಬೀಜದ ಪಾಕೀಟನ್ನು ಮೇಲಿನ ಟ್ಯಾಗ್ ಹರಿಯದಂತೆ ಕೆಳಗಿನಿಂದ ಕತ್ತರಿಸಿ. ಖಾಲಿ ಪಾಕೀಟು, ಬಿಲ್ಲು, ಒಂದು ಹಿಡಿ ಬೀಜವನ್ನು ಸುಗ್ಗಿ ಮುಗಿಯುವವರೆಗೆ ತೆಗೆದಿಡಿ. ಗುಳಿಗೆ ಮುಗಿದ ಮೇಲೂ ಬ್ಯಾಚ್ ಸಂಖ್ಯೆ ಇರುವ ಪಟ್ಟಿಯನ್ನು ಕೆಲವು ದಿನ ಇಟ್ಟುಕೊಳ್ಳಿ. ಹೆಲ್ಮೆಟ್‌ನ ಐಎಸ್‌ಐ ಗುರುತಿನ ಲೈಸೆನ್ಸ್ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ. ಅನುಮಾನ ಬಂದರೆ ಸುಮ್ಮನಿರಬೇಡಿ: ಬೀಜವಾದರೆ ರೈತ ಸಂಪರ್ಕ ಕೇಂದ್ರಕ್ಕೆ, ಔಷಧವಾದರೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರವಣಿಗೆಯಲ್ಲೇ ದೂರು ಕೊಡಿ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇನ್ನೂ ಒಂದು ಕೆಲಸ ಬಾಕಿ ಇದೆ. ಮುಂದಿನ ಸಲ ಮತ ಕೇಳಲು ಬಂದವರನ್ನು ನಿಲ್ಲಿಸಿ ಕೇಳಿ: ನಮ್ಮ ಜಿಲ್ಲೆಯಲ್ಲಿ ಬೀಜ ನಿರೀಕ್ಷಕರ, ಔಷಧ ನಿರೀಕ್ಷಕರ ಹುದ್ದೆಗಳು ಎಷ್ಟು, ಅವುಗಳಲ್ಲಿ ಭರ್ತಿಯಾದವು ಎಷ್ಟು, ಉಳಿದವನ್ನು ಯಾವಾಗ ತುಂಬುತ್ತೀರಿ?