ಅಂಗವೈಕಲ್ಯ ಮತ್ತು ನಮ್ಮ ನುಡಿ

ಒಂದೇ ತರಗತಿಯಲ್ಲಿ ಬಸವರಾಜನೆಂಬ ಹೆಸರಿನ ಬಾಲಕರು ಇಬ್ಬರಿದ್ದರೆ, ಕಾಲು ಊನವಾದವನಿಗೆ ‘ಕುಂಟ ಬಸ್ಯಾ’ ಎಂಬ ಹೆಸರು ತಾನಾಗಿಯೇ ಅಂಟಿಕೊಳ್ಳುವುದು. ಕರೆಯುವವರಲ್ಲಿ ದ್ವೇಷವಿರುವುದಿಲ್ಲ, ಆದರೆ ಆ ಬಾಲಕನು ಮುದುಕನಾದರೂ ಆ ಹೆಸರು ಅವನನ್ನು ಬಿಡುವುದಿಲ್ಲ. ಆದಕಾರಣ ಶಿಕ್ಷಕರಾದ ನಮಗೆ ಈ ವಿಷಯವು ಸಣ್ಣದಲ್ಲ.

ಕನ್ನಡದ ಪದರಚನೆಯನ್ನು ಗಮನಿಸಬೇಕು. ‘ಕುರುಡು’, ‘ಕುಂಟು’, ‘ಕಿವುಡು’ ಎಂಬವು ದೇಹದ ಒಂದು ಸ್ಥಿತಿಯನ್ನು ಹೇಳುವ ಶಬ್ದಗಳು. ಅವೇ ‘ಕುರುಡ’, ‘ಕುಂಟ’, ‘ಕಿವುಡ’ ಎಂದಾದೊಡನೆ ಒಂದು ಅಂಗದ ಊನವು ಇಡೀ ಮನುಷ್ಯನನ್ನೇ ಆವರಿಸಿಬಿಡುತ್ತದೆ. ‘ಕುಂಟು ನೆಪ’, ‘ಕುರುಡು ನಂಬಿಕೆ’, ‘ಜಾಣ ಕಿವುಡು’ ಎಂಬ ನುಡಿಗಟ್ಟುಗಳಲ್ಲಿ ಅದೇ ಊನವು ಸುಳ್ಳು, ಅವಿವೇಕ, ಕಪಟಗಳ ಗುರುತಾಗಿದೆ. ಬಸವಕಲ್ಯಾಣ, ಹುಮನಾಬಾದಗಳ ಪೇಟೆಯಲ್ಲಿ ಮರಾಠಿ, ಉರ್ದು, ತೆಲುಗುಗಳೂ ಕಿವಿಗೆ ಬೀಳುತ್ತವೆ. ‘ಲಂಗಡಾ’ ಎಂಬ ಮಾತು ಮರಾಠಿ, ಉರ್ದುಗಳೆರಡರಲ್ಲಿಯೂ ಇದೇ ಕೆಲಸವನ್ನು ಮಾಡುತ್ತದೆ. ದೋಷವು ಒಂದೇ ಭಾಷೆಯದಲ್ಲ. ನಮ್ಮ ಸೀಮೆಯಲ್ಲಿ ಹಿರಿಯರಿಗೆ ‘ರೀ’ ಎನ್ನುವುದು ವಾಡಿಕೆ. ಅಂಗವೈಕಲ್ಯವುಳ್ಳ ಹಿರಿಯರಿಗಾದರೋ ಅನೇಕ ವೇಳೆ ‘ಬಾರೋ’ ಎಂಬ ಏಕವಚನವೇ ಗತಿ.

ಸರಕಾರದ ಶಬ್ದಗಳೂ ಬದಲಾಗುತ್ತ ಬಂದಿವೆ. ‘ಅಂಗವಿಕಲ’ದ ಸ್ಥಾನದಲ್ಲಿ ‘ವಿಕಲಚೇತನ’ ಬಂದಿತು. ಅಕ್ಷರಶಃ ನೋಡಿದರೆ ಇದು ಅಂಗದ ಕೊರತೆಯನ್ನು ಚೇತನಕ್ಕೇ ಆರೋಪಿಸುವ ಮಾತು. 2015ರಲ್ಲಿ ಪ್ರಧಾನಮಂತ್ರಿಗಳು ‘ದಿವ್ಯಾಂಗ’ವನ್ನು ಸೂಚಿಸಿದರು. ತಮಗೆ ದಿವ್ಯತ್ವ ಬೇಡ, ಸಮಾನತೆ ಸಾಕು ಎಂದವರೂ ಉಂಟು. 1995ರ ಅಧಿನಿಯಮದಲ್ಲಿ 7 ಬಗೆಯ ವೈಕಲ್ಯಗಳಿದ್ದವು. 2016ರ ಅಧಿನಿಯಮದಲ್ಲಿ 21 ಇವೆ. ಚಲನಚಿತ್ರಗಳಲ್ಲಿ ಇಂಥವರನ್ನು ಹೀಯಾಳಿಸುವ ಭಾಷೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ ತಿಂಗಳಿನಲ್ಲಿ ಮಾರ್ಗಸೂಚಿಗಳನ್ನು ನೀಡಿತು.

12ನೆಯ ಶತಮಾನದ ಕಲ್ಯಾಣದಲ್ಲಿ ಹೆಸರಿಡುವ ಬೇರೊಂದು ರೀತಿಯಿತ್ತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂಬಲ್ಲಿ ಮುಂದೆ ನಿಂತಿರುವುದು ಕಾಯಕ. ಲೋಕವು ಕೀಳೆಂದು ಎಣಿಸಿದ ಕೆಲಸವೇ ಅಲ್ಲಿ ಗೌರವದ ಗುರುತಾಯಿತು. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳಿಗೂ (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣು ಕಾಣುತ್ತಿರಲಿಲ್ಲ. ನಾಡು ಅವರನ್ನು ಕರೆದದ್ದು ‘ಗವಾಯಿಗಳು’ ಎಂದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಬಾಲಕರು ಸಂಗೀತ ಕಲಿತರು. ಹುಮನಾಬಾದಿನ ಸಮೀಪದ ಮಾಣಿಕನಗರದಲ್ಲಿಯೂ ಅಂಧ ಮಕ್ಕಳಿಗಾಗಿ ವಸತಿಶಾಲೆಯಿದೆ.

ಆದರೆ ಗವಾಯಿಯಾದ ಮೇಲೆಯೇ ಅಂಧನು ಗೌರವಕ್ಕೆ ಅರ್ಹನೆಂದು ಭಾವಿಸಲಾಗದು. ಹಾಡಲು ಬಾರದ ಬಾಲಕನಿಗೂ ತಂದೆತಾಯಿಗಳು ಇಟ್ಟ ಹೆಸರೊಂದಿದೆ. ಶಿಕ್ಷಕರು ಹಾಜರಿ ಕರೆಯುವಾಗ ಆ ಹೆಸರನ್ನೇ ಪೂರ್ಣವಾಗಿ ಕರೆದರೆ ಮಕ್ಕಳೂ ಅದನ್ನೇ ಕಲಿಯುವರು. ಕಟ್ಟಡಗಳಿಗೆ ದಾನ ನೀಡುವ ಮಹನೀಯರು ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರಿನ ದಾರಿಯೊಂದನ್ನೂ ಕಟ್ಟಿಸಲಿ. ಗೌರವದಿಂದ ಹೆಸರು ಕರೆದು, ಒಳಗೆ ಬರಲು ದಾರಿಯನ್ನೇ ಇಡದಿದ್ದರೆ ಆ ಗೌರವದಿಂದ ಫಲವೇನು?